ಪೊನ್ನಪ್ಪ ಅಂಕಲ್ ಕೋವಿಯ ಕೆಂಪು ಚುಕ್ಕೆ

ನಮ್ಮ ಗರಾಜಿನ ಬಾಗಿಲು ಬಹಳ ದಿನದಿಂದ ಕಿರ್ ಎನ್ನುತ್ತಿತ್ತು. ನಮ್ಮನೆಯವರಿಗೆ ಹೇಳಿ ಹೇಳಿ ನನ್ನ ಬಾಯಿ ನೋವು ಬಂತೇ ಹೊರತು ಬಾಗಿಲು ಬಾಯಿ ಮುಚ್ಚಲಿಲ್ಲ. ಕೊನೆಗೆ ಮೊನ್ನೆ ನಾನೇ ಏಣಿ ಹತ್ತಿ, ಹಳೆಯ ಬನಿಯನ್ ತುಂಡಿಗೆ ಎಣ್ಣೆ ಹಾಕಿಕೊಂಡು ಒರೆಸಲು ಶುರು ಮಾಡಿದೆ. ಆ ವಾಸನೆ ಮೂಗಿಗೆ ಹೊಡೆದದ್ದೇ ತಡ, ಕೈ ನಿಂತುಹೋಯಿತು. ನಾವು ಡ್ಯಾಲಸ್ ಪಕ್ಕದ ಈ ಸೌತ್‌ಲೇಕಿಗೆ ಬಂದು ಎಷ್ಟೋ ವರ್ಷವಾಗಿದೆ, ನಿಜ. ಆದರೆ ಆ ಎಣ್ಣೆ ನನ್ನನ್ನು ನೇರವಾಗಿ ಆಸ್ಟಿನ್ ಹತ್ತಿರದ ಜಾರ್ಜ್‌ಟೌನಿನ ಪೊನ್ನಪ್ಪ ಅಂಕಲ್ ಮನೆಗೆ ಎಳೆದುಕೊಂಡು ಹೋಯಿತು. ಅವರು ಊಟದ ಮೇಜಿನ ಮೇಲೆ ಹಳೇ ಪೇಪರ್ ಹಾಸಿ, ಕೋವಿ ಬಿಚ್ಚಿ ಒರೆಸುತ್ತಿದ್ದದ್ದು ಇದೇ ವಾಸನೆಯ ಎಣ್ಣೆಯಲ್ಲಿ. "ಅನ್ನ ತಿನ್ನೋ ಜಾಗ ಇದು!" ಎಂದು ಬೋಜಮ್ಮ ಆಂಟಿ ಅಡಿಗೆಮನೆಯಿಂದ ಕೂಗುತ್ತಿದ್ದರು. ಅಂಕಲ್ ಕಿವುಡರಂತೆ ಒರೆಸುತ್ತಲೇ ಇರುತ್ತಿದ್ದರು.

ಎರಡು ಸಾವಿರದ ಇಸವಿ ಕಳೆದ ಹೊಸತು. ನಾನು ಮದುವೆಯಾಗಿ ಮೈಸೂರಿನಿಂದ ಬಂದಿದ್ದೆ. ಗಂಡನ ವೀಸಾದ ಬಾಲ ಹಿಡಿದು ಬಂದವರು ಆಗ ಇಲ್ಲಿ ಕೆಲಸ ಮಾಡುವ ಹಾಗಿರಲಿಲ್ಲ. ಹಾಗಾಗಿ ಎಂ.ಎಸ್ಸಿ. ಓದಿದ ನಾನು ಹಗಲೆಲ್ಲ ಹೊಸ ಬಡಾವಣೆಯ ಒಂದೇ ಅಚ್ಚಿನ ಮನೆಗಳನ್ನು ನೋಡುತ್ತಾ, ಬೇಯಿಸಿದ್ದನ್ನೇ ಬೇಯಿಸುತ್ತಾ ಕೂತಿದ್ದೆ. ಹಿಂದಿನ ಬೀದಿಯ ಪೊನ್ನಪ್ಪ ಅಂಕಲ್ ಕೊಡಗಿನವರು. ಬಹಳ ಹಿಂದೆಯೇ ಬಂದು, ಸಿಟಿಜನ್ ಆಗಿ, ಆಸ್ಟಿನ್ನಿನಲ್ಲಿ ಇಂಜಿನಿಯರಾಗಿದ್ದವರು. ಕಣ್ಣು ಕೈಕೊಟ್ಟಿದ್ದರಿಂದ ಬೇಗ ರಿಟೈರ್ ಆದರು. "ನಿನ್ನ ಓಲೆ ಕಾಣತ್ತೆ, ಕೂದಲು ಕಾಣತ್ತೆ. ನಡುವೆ ಮುಖ ಮಾತ್ರ ಹೊಗೆ ಹೊಗೆ ನೋಡಮ್ಮ" ಎನ್ನುತ್ತಿದ್ದರು. ಡಾಕ್ಟರು ಕಾರು ಮುಟ್ಟಬೇಡಿ ಎಂದಿದ್ದರು. ಆಂಟಿಗೆ ಭಾನುವಾರವೂ ಫಾರ್ಮಸಿಯಲ್ಲಿ ಡ್ಯೂಟಿ. ಅವರನ್ನು ಊರಾಚೆಯ ಶೂಟಿಂಗ್ ಕ್ಲಬ್ಬಿಗೆ ಡ್ರೈವ್ ಮಾಡಿಕೊಂಡು ಹೋಗುವ ಕೆಲಸ ನನ್ನ ಪಾಲಿಗೆ ಬಂತು.

ಹಲ್ಲಿ ಬಿದ್ದರೆ ಬೀದಿಗೆ ಕೇಳುವಂತೆ ಕಿರುಚುವವಳು ನಾನು. ಮೊದಲ ದಿನ ಕಿವಿಗೆ ಸದ್ದು ತಡೆಯುವ ಮಫ್ ಹಾಕಿಕೊಂಡು, ಅದರ ಮೇಲೆ ಎರಡು ಕೈಯನ್ನೂ ಒತ್ತಿಕೊಂಡು, ಹಿಂದಿನ ಬೆಂಚಿನ ಮೇಲೆ ರಾಮಜಪ ಮಾಡುತ್ತಾ ಕೂತಿದ್ದೆ. ಅಂಕಲ್ ನಕ್ಕುಬಿಟ್ಟರು. "ಕೋವಿ ಬೀದಿನಾಯಿ ಅಲ್ಲಮ್ಮ, ಅದಾಗಿ ಅದು ಕಚ್ಚಲ್ಲ. ಹಿಡಿದವನು ನೆಟ್ಟಗಿರಬೇಕು, ಅಷ್ಟೇ."

ಕೋವಿಯಲ್ಲಿ ಗುರಿ ಹಿಡಿಯಲು ಹಿಂದೊಂದು ಸೀಳು, ಮುಂದೊಂದು ಮೊಳೆ ಇರುತ್ತದೆ. ಕಣ್ಣು, ಸೀಳು, ಮೊಳೆ, ಗುರಿ ಎಲ್ಲವೂ ಒಂದೇ ಸಾಲಿಗೆ ಬರಬೇಕು. ಅಂಕಲ್‌ಗೆ ಆ ಮೊಳೆ ಕಾಣದಂತಾಗಿತ್ತು. ಅದಕ್ಕೇ ಕೋವಿಯ ಮೇಲೆ ಬೆಂಕಿಪೊಟ್ಟಣದಂಥ ಒಂದು ಗಾಜಿನ ಸಾಧನ ಕೂರಿಸಿಕೊಂಡಿದ್ದರು. ಬ್ಯಾಟರಿ ಹಾಕಿದರೆ ಅದರೊಳಗೊಂದು ಕೆಂಪು ಚುಕ್ಕೆ. ಚುಕ್ಕೆಯನ್ನು ಗುರಿಯ ಮೇಲೆ ತಂದಿಟ್ಟರೆ ಸಾಕು. "ಓದೋದು ಹೋಯ್ತು, ಟೀವಿ ಹೋಯ್ತು, ಕಾರು ಹೋಯ್ತು. ಇದೊಂದು ಉಳಿದಿದೆ. ಇದೂ ಹೋದ್ರೆ ನಾನು ಕುರ್ಚಿ ಮೇಲಿಟ್ಟ ಗಂಟು ಕಣಮ್ಮ" ಎಂದು ಒಮ್ಮೆ ಕಾರಿನಲ್ಲಿ ಹೇಳಿದರು. ನಾನು ರೇಡಿಯೋ ಹಾಕಿದೆ.

ಸೆಪ್ಟೆಂಬರ್ ಮೊದಲಲ್ಲಿ ಕೊಡಗಿನವರಿಗೆ ಕೈಲ್ ಮುಹೂರ್ತದ ಹಬ್ಬ. ನಮಗೆ ಆಯುಧಪೂಜೆ ಇದ್ದ ಹಾಗೆ, ಆದರೆ ನಾವು ಇಸ್ತ್ರಿಪೆಟ್ಟಿಗೆಗೂ ಸ್ಕೂಟರಿಗೂ ಕುಂಕುಮ ಹಚ್ಚಿದರೆ ಅವರು ಕೋವಿಗೇ ಹೂ ಮುಡಿಸುತ್ತಾರೆ. ಪೂಜೆಯಾದ ಮೇಲೆ ಮರದ ತುದಿಗೆ ಕಟ್ಟಿದ ತೆಂಗಿನಕಾಯಿಗೆ ಗುಂಡು ಹೊಡೆಯಬೇಕು, ಇಲ್ಲದಿದ್ದರೆ ಅದು ಹಬ್ಬವೇ ಅಲ್ಲವಂತೆ. ಆ ವರ್ಷ ಅಂಕಲ್ ಹಬ್ಬವನ್ನು ಕ್ಲಬ್ಬಿಗೇ ತಂದರು. ಆಸ್ಟಿನ್ನಿನ ಇಂಡಿಯನ್ ಅಂಗಡಿಯಿಂದ ಕಾಯಿ ತಂದುಕೊಟ್ಟವಳು ನಾನು. ಕ್ಲಬ್ಬಿನ ಕಾರ್ಯದರ್ಶಿ ಡೇಲ್ ಎಂಬ ಮುದುಕ, ಜಿಂಕೆ ಬೇಟೆಯಲ್ಲೇ ತಲೆ ಹಣ್ಣಾಗಿಸಿಕೊಂಡವನು, ಭಾರೀ ಖುಷಿಯಾಗಿ ತಾನೇ ಏಣಿ ಹತ್ತಿ ಓಕ್ ಮರದ ಎತ್ತರದ ಕೊಂಬೆಗೆ ಕಾಯಿ ಕಟ್ಟಿದ. ಗುಂಡು ತಡೆಯಲು ಹಾಕಿದ್ದ ಮಣ್ಣಿನ ದಿಬ್ಬಕ್ಕಿಂತ ಆ ಕಾಯಿ ಮೇಲಿತ್ತು. ಅಂಕಲ್ ಹೊಡೆದ ಮೊದಲ ಗುಂಡು ತಪ್ಪಿತು. ಮುಂದಿನದೂ ತಪ್ಪಿತು. ಅದರ ಮುಂದಿನದಕ್ಕೆ ಕಾಯಿ ಒಡೆದು ನೀರು ಚಿಮ್ಮಿದಾಗ ಅಲ್ಲಿದ್ದವರೆಲ್ಲ ಸಿಳ್ಳೆ ಹೊಡೆದರು. ನಾನೂ ಮಫ್ ಕಿತ್ತೆಸೆದು ಚಪ್ಪಾಳೆ ತಟ್ಟಿದೆ. ಆಂಟಿ ಕಳಿಸಿದ್ದ ಹಂದಿ ಸಾರನ್ನು ಡೇಲ್ ಬಟ್ಟಲು ನೆಕ್ಕಿ ತಿಂದ. ಸಸ್ಯಾಹಾರಿ ನಾನು ಬರೀ ಅಕ್ಕಿತರಿಯ ಉಂಡೆ ಕಡಂಬುಟ್ಟಿಗೆ ಬೆಲ್ಲ ನೆಂಚಿಕೊಂಡು ತಿಂದು ಬಂದೆ.

ದಿಬ್ಬದ ಆಚೆ ಮೊದಲು ಬರೀ ಜೋಳದ ಹೊಲ ಇತ್ತಂತೆ. ಆ ಬೇಸಿಗೆಯಲ್ಲಿ ಅಲ್ಲೂ ಮನೆಗಳು ಎದ್ದಿದ್ದವು. ಅಂಕಲ್‌ಗೆ ದೂರದ ಆ ಸೂರುಗಳು ಕಾಣುತ್ತಿರಲಿಲ್ಲ. ಅವರ ತಲೆಯಲ್ಲಿ ಅಲ್ಲಿನ್ನೂ ಹೊಲವೇ ಇತ್ತು.

ಹಬ್ಬವಾಗಿ ಸ್ವಲ್ಪ ದಿನಕ್ಕೆ ಆ ಮನೆಗಳಲ್ಲೊಂದರ ಮುಂದಿನ ಗೋಡೆಯಲ್ಲಿ ಗುಂಡು ಸಿಕ್ಕಿತು. ಯಾವತ್ತು ಬಂದದ್ದು ಎಂದು ಮನೆಯವರಿಗೂ ಗೊತ್ತಿಲ್ಲ. ಜಜ್ಜಿಹೋಗಿದ್ದರಿಂದ ಯಾವ ಕೋವಿಯದೆಂದೂ ಗೊತ್ತಾಗಲಿಲ್ಲ. ಪುಣ್ಯಕ್ಕೆ ಯಾರಿಗೂ ತಾಗಿರಲಿಲ್ಲ. ಲಾಯರು ಬಂದ, ಕ್ಲಬ್ಬಿನ ಇನ್ಶೂರೆನ್ಸ್‌ನವರು ಬಂದರು. ಕ್ಲಬ್ಬಿನಲ್ಲಿ ಎಡೆಬಿಡದೆ ಢಂ ಢಂ ಹೊಡೆಯುವ ಹುಡುಗರದೇ ಕಿತಾಪತಿ ಎಂದು ತೀರ್ಮಾನವಾಯಿತು. ಇನ್ನು ಮುಂದೆ ಕೋವಿಗೆ ಸಿಕ್ಕಿಸುವ ಹೆಚ್ಚಿನ ಸಾಮಾನು ಯಾವುದೂ ಕ್ಲಬ್ಬಿಗೆ ಬರಕೂಡದು ಎಂದು ಇನ್ಶೂರೆನ್ಸ್‌ನವರು ನಿಯಮ ಹಾಕಿದರು. ತುಂಬ ಗುಂಡು ಹಿಡಿಯುವ ಮ್ಯಾಗಜೀನ್ ಬೇಡ, ಕೋವಿ ನಿಲ್ಲಿಸುವ ಕಾಲು ಬೇಡ, ಲೇಸರ್ ಬೇಡ, ಚುಕ್ಕೆಯೂ ಬೇಡ.

ಇದರ ಬಗ್ಗೆ ಕ್ಲಬ್ಬು ಕರೆದ ಮೀಟಿಂಗಿಗೆ ನಾನೇ ಅಂಕಲ್ಲನ್ನು ಕರೆದುಕೊಂಡು ಹೋದೆ. ಅಬ್ಬಬ್ಬಾ, ಆ ಗಲಾಟೆ! "ಇವತ್ತು ಚುಕ್ಕೆ, ನಾಳೆ ದುರ್ಬೀನು, ನಾಡಿದ್ದು ಕೋವಿಯನ್ನೇ ಕಿತ್ಕೋತಾರೆ" ಎಂದೊಬ್ಬ ಮೇಜು ಗುದ್ದಿದ. "ನಮ್ಮಪ್ಪ ಇಲ್ಲಿ ಗುಂಡು ಹೊಡೀವಾಗ ಆ ಮನೆಯವರು ಹುಟ್ಟೇ ಇರ್ಲಿಲ್ಲ" ಎಂದು ಇನ್ನೊಬ್ಬ. ಅವರ ಇಂಗ್ಲಿಷ್ ನನ್ನ ಕಿವಿಗೆ ಬೀಳುವಷ್ಟರಲ್ಲಿ ಹೀಗೆ ಕನ್ನಡವಾಗುತ್ತಿತ್ತು, ಅಷ್ಟೊಂದು ನಮ್ಮೂರಿನ ಜಗಳದಂತೆಯೇ ಇತ್ತು. ಆಗ ಅಂಕಲ್ ಎದ್ದು ನಿಂತರು. ನೆಟ್ಟಗೆ, ಮಿಲಿಟರಿಯವರ ಹಾಗೆ.

"ಆ ಗುಂಡು ನನ್ನದು" ಎಂದರು ಇಂಗ್ಲಿಷಿನಲ್ಲಿ. "ತೆಂಗಿನಕಾಯಿಗೆ ಹೊಡೆದಾಗ ತಪ್ಪಿದ್ದು. ದಿಬ್ಬದ ಮೇಲಿಂದ ಹೋಗಿದೆ. ಕೋವಿಗೆ ಸಿಕ್ಕಿಸಿದ ಸಾಮಾನಿನ ತಪ್ಪಲ್ಲ. ನನ್ನ ತಪ್ಪು."

ಆಮೇಲೆ ಏನಾಯಿತು ಗೊತ್ತೇ? ಯಾರೋ ಚಪ್ಪಾಳೆ ತಟ್ಟಿದರು. ಆಮೇಲೆ ಎಲ್ಲರೂ ತಟ್ಟಿದರು. ತಮಗೆಲ್ಲ ಒದಗಿದ ಕಷ್ಟವನ್ನು ಈ ಮುದುಕ ತನ್ನ ತಲೆಯ ಮೇಲೆ ಹೊತ್ತುಕೊಳ್ಳಲು ಬಂದಿದ್ದಾನೆ ಎಂದುಕೊಂಡರು! ಡೇಲ್ ಬಂದು ಅವರ ಭುಜ ಹಿಡಿದು ಕೂರಿಸಿದ. "ನೀನು ಬಂಗಾರದಂಥ ಮನುಷ್ಯ. ಆದರೆ ನಮಗೋಸ್ಕರ ಸುಳ್ಳು ಹೇಳಬೇಡ" ಎಂದ. ಏಣಿ ಹತ್ತಿ ಕಾಯಿ ಕಟ್ಟಿದವನು ಅವನೇ ಅಲ್ಲವೇ? ಅಷ್ಟು ಹೇಳಿ, ನಮ್ಮ ಕಡೆ ನೋಡದೆ ಸರಸರ ತನ್ನ ಜಾಗಕ್ಕೆ ಹೊರಟ. ಮೀಟಿಂಗು ಮತ್ತೆ ಸರ್ಕಾರವನ್ನು ಬೈಯಲು ಹೊರಟಿತು. ಆ ನಿಯಮಕ್ಕೂ ಸರ್ಕಾರಕ್ಕೂ ಏನೇನೂ ಸಂಬಂಧವಿರಲಿಲ್ಲ.

"ನಿಜ ಹೇಳಿದ್ರೂ ಯಾರೂ ತಗೊಳ್ಳಲ್ವಲ್ಲಮ್ಮ" ಎಂದರು ಕಾರಿನಲ್ಲಿ. "ಆ ಮನೆಗೆ ಕರ್ಕೊಂಡ್ಹೋಗು."

ಮರುದಿನ ಕರೆದುಕೊಂಡು ಹೋದೆ. ಬಾಗಿಲು ತೆರೆದವಳು ನನ್ನದೇ ವಯಸ್ಸಿನ ಹುಡುಗಿ. ಅವಳ ಕಾಲು ತಬ್ಬಿಕೊಂಡು ಒಂದು ಮಗು ನಿಂತಿತ್ತು. ಅಂಕಲ್ ಟೋಪಿ ತೆಗೆದು, ತಾನು ಯಾರು, ಏನು ಮಾಡಿದೆ ಎಂದು ಹೇಳಲು ಶುರು ಮಾಡಿದರು. ಕ್ಲಬ್ಬಿನ ಹೆಸರು ಬಂದ ಕೂಡಲೇ ಅವಳು ಕೈ ಅಡ್ಡ ಹಿಡಿದಳು. ಕ್ಲಬ್ಬಿನವರ ಜೊತೆ ಮಾತಾಡಕೂಡದು ಎಂದು ಲಾಯರು ಹೇಳಿದ್ದಾರೆ, ದಯವಿಟ್ಟು ಹೋಗಿ, ಎಂದಳು. ಕೋಪವಿಲ್ಲದ ದನಿ, ಸೇಲ್ಸ್‌ಮನ್ನನನ್ನು ಕಳಿಸುವ ಹಾಗೆ. ಬಾಗಿಲು ಮುಚ್ಚಿತು.

"ತೂತು ಎಲ್ಲಿದೆ?" ಅಂಕಲ್ ಕೇಳಿದರು.

"ಮೆತ್ತಿ ಬಣ್ಣ ಹಚ್ಚಿದ್ದಾರೆ. ಬಾಗಿಲ ಪಕ್ಕ."

"ಎಷ್ಟೆತ್ತರ?"

ಅವರ ಕೈ ಹಿಡಿದು, ಆ ಮೆತ್ತಿದ ಜಾಗದ ಮಟ್ಟಕ್ಕೆ ಗಾಳಿಯಲ್ಲಿ ಹಿಡಿದು ತೋರಿಸಿದೆ. ಕೈ ಅವರ ಸೊಂಟದ ಹತ್ತಿರ ನಿಂತಿತು.

"ಮಗು ದನಿ ಕೇಳಿಸ್ತು. ಅದೆಷ್ಟೆತ್ತರ?"

ನಾನು ಅವರ ಕೈಯನ್ನು ಮೇಲೂ ಎತ್ತಲಿಲ್ಲ, ಕೆಳಗೂ ಇಳಿಸಲಿಲ್ಲ. ಅವರು ಅರ್ಥ ಮಾಡಿಕೊಂಡರು.

ಚುಕ್ಕೆ ತೆಗೆದ ಕೋವಿಯನ್ನು ಅವರು ಮತ್ತೆ ಹಿಡಿಯಲಿಲ್ಲ. ಮುಂದಿನ ವರ್ಷದ ಹಬ್ಬಕ್ಕೆ ಹೂ ಕೂಡ ಮುಡಿಸಲಿಲ್ಲ. ಆಂಟಿ ಅತ್ತರೂ ಕೇಳಲಿಲ್ಲ. ಅವರೇ ಹೇಳಿದ್ದಂತೆ ಗಂಟಿನ ಹಾಗೆ ಕುರ್ಚಿಯಲ್ಲಿ ಕೂತರು. ನಾವು ಡ್ಯಾಲಸ್ ಕಡೆಗೆ ಶಿಫ್ಟ್ ಆದ ಮೇಲೆ ಫೋನಿನಲ್ಲಿ ಮಾತಾಡುವುದು ಉಳಿಯಿತು. ಸಾಯುವ ಸ್ವಲ್ಪ ದಿನ ಮುಂಚೆ ಒಮ್ಮೆ, ಏನೋ ಹವಾಮಾನದ ಮಾತಿನ ನಡುವೆ, "ಯಾರಾದ್ರೂ ಒಬ್ಬರು ನನಗೆ ಬೈಬೇಕಿತ್ತು ಕಣಮ್ಮ. ಒಬ್ಬರೂ ಬೈಲಿಲ್ಲ" ಎಂದರು. ನಾನು, ಸುಡುಗಾಡು ಬಾಯಿಯವಳು, "ಬಿಡಿ ಅಂಕಲ್, ಆದದ್ದಾಯ್ತು" ಎಂದೆ. ಚಪ್ಪಾಳೆ ತಟ್ಟಿದವರಿಗಿಂತ ನಾನೇನೂ ಬೇರೆಯಾಗಿರಲಿಲ್ಲ.

ಮೊನ್ನೆ ಏಣಿಯ ಮೇಲೆ ನಿಂತವಳಿಗೆ ಇದ್ದಕ್ಕಿದ್ದಂತೆ ಸಿಟ್ಟು ನೆತ್ತಿಗೇರಿತು. ಮನೆಯಲ್ಲಿ ಯಾರೂ ಇರಲಿಲ್ಲ. "ಬುದ್ಧಿ ಬೇಡ್ವಾ ಅಂಕಲ್ ನಿಮಗೆ?" ಎಂದುಬಿಟ್ಟೆ, ಜೋರಾಗಿ. "ಆಚೆ ಏನಿದೆ ಅಂತ ಒಂದು ಮಾತು ಕೇಳೋಕೇನಾಗಿತ್ತು? ಪಕ್ಕದಲ್ಲೇ ಇದ್ನಲ್ಲ ನಾನು? ಆ ಕೂಸು ಅವತ್ತು ಬಾಗಿಲಲ್ಲಿ ನಿಂತಿದ್ದಿದ್ರೆ? ಹೇಳಿ, ನಿಂತಿದ್ದಿದ್ರೆ ಏನ್ ಮಾಡ್ತಿದ್ರಿ?" ಎಣ್ಣೆ ಬಟ್ಟೆ ಹಿಡಿದುಕೊಂಡೇ ಒಂದೇ ಸಮನೆ ಬೈದೆ. ಇಷ್ಟು ವರ್ಷ ಅವರು ಕಾದಿದ್ದ ಬೈಗುಳ ಅದು. ಕೇಳಬೇಕಾದವರು ಇರಲಿಲ್ಲ.