ಅಪ್ಪನ ಹೃದಯಕ್ಕೆ ಅತ್ತೆಯೆಂಬ ಮೈಕ್ರೋ ಆರ್‌ಎನ್‌ಎ

ಚಾಮರಾಜನಗರದ ಕಾಲೇಜಿನಲ್ಲಿ ನಾನು ಜೀವಶಾಸ್ತ್ರ ಪಾಠ ಮಾಡುತ್ತೇನೆ. ಪಾಠವನ್ನು ತರಗತಿಯಲ್ಲೇ ಬಿಟ್ಟು ಬರಬೇಕಿತ್ತು. ನಮ್ಮೂರು ಉಡಿಗಾಲದ ಮನೆಯ ಜಗಲಿಗೆ ತಂದದ್ದೇ ಎಡವಟ್ಟಾಯಿತು.

ಅಪ್ಪನ ಹೃದಯ ಸೊರಗಿತ್ತು. ಉಪ್ಪು ಕಮ್ಮಿ ಮಾಡಿ ಎಂದು ಡಾಕ್ಟರು ಹೇಳಿದ್ದರು. ಇದಕ್ಕೆ ಹೊಸ ಮದ್ದು ಏನೂ ಬಂದಿಲ್ಲವಾ ಎಂದು ಅಪ್ಪ ಕೇಳಿದ. ನಾನು ಉಮೇದಿನಲ್ಲಿ ಶುರು ಹಚ್ಚಿಕೊಂಡೆ. ಜೀನ್ ಅಂದರೆ ಮನೆ ಯಜಮಾನನ ಹಾಗೆ, ಅಪ್ಪಣೆ ಕೊಡುತ್ತದೆ. ಅದನ್ನು ಹೊತ್ತುಕೊಂಡು ಒಬ್ಬ ಆಳು ಜೀವಕೋಶದೊಳಗೆ ಓಡುತ್ತಾನೆ. ಮೈಕ್ರೋ ಆರ್‌ಎನ್‌ಎ ಎಂಬ ಗಿಡ್ಡ ತುಣುಕು ದಾರಿಯಲ್ಲೇ ಅವನನ್ನು ಹಿಡಿದು ನಿಲ್ಲಿಸುತ್ತದೆ. ಅಪ್ಪಣೆ ಅಲ್ಲಿಗೆ ಖತಂ. ಸೊರಗಿದ ಹೃದಯದಲ್ಲಿ ಇಂಥ ಕೆಲವು ತುಣುಕುಗಳು ಮಿತಿಮೀರಿ ಹೆಚ್ಚಿಕೊಂಡು ಬೇಕಾದ ಅಪ್ಪಣೆಗಳನ್ನೂ ತಡೆಯುತ್ತವೆ. ಅವುಗಳ ಬಾಯಿ ಮುಚ್ಚಿಸುವ ಮದ್ದನ್ನು ಇನ್ನೂ ಪರೀಕ್ಷೆ ಮಾಡುತ್ತಿದ್ದಾರೆ, ಅಂಗಡಿಗೆ ಬಂದಿಲ್ಲ.

ಅಪ್ಪ ಅಡುಗೆಮನೆ ಕಡೆ ನೋಡಿದ. “ಅಂಗಂದ್ರೆ ಅದು ನಿಮ್ಮತ್ತೆ ಕಣಮ್ಮಿ.”

ಅತ್ತೆ ಅಂದರೆ ಅಪ್ಪನ ಅಕ್ಕ. ಅವ್ವ ತೀರಿಕೊಂಡ ಮೇಲೆ ಮನೆ ಅವಳ ಕೈಲಿತ್ತು. ಅಪ್ಪ ದಿನಾ ಬೆಳಿಗ್ಗೆ ಜಗಲಿಯಲ್ಲಿ ಕೂತು ಆಳಿಗೆ ಅಬ್ಬರಿಸಿ ಕೆಲಸ ಹೇಳುವುದು, ಆಳು ತಲೆಯಾಡಿಸಿ ಹೊರಡುವುದು, ಕೊಟ್ಟಿಗೆ ಹತ್ತಿರ ಅತ್ತೆ ಅವನನ್ನು ತಡೆದು “ಅದೆಲ್ಲ ಬುಡ್ಲಾ, ಓಗಿ ದನಕ್ಕೆ ನೀರು ಕುಡ್ಸು” ಅನ್ನುವುದು, ಇದು ನಮ್ಮ ಮನೆಯ ಪದ್ಧತಿ. ಆಳಿಗೂ ಗೊತ್ತು, ನನಗೂ ಗೊತ್ತು. ಅಪ್ಪನಿಗೆ ಮಾತ್ರ ಗೊತ್ತಿಲ್ಲ ಎಂದು ನಾವೆಲ್ಲ ತಿಳಿದಿದ್ದೆವು.

ಚೆಂಡುಹೂ ಕೀಳುವ ಕಾಲ, ಅತ್ತೆಯ ಮಗಳಿಗೆ ಕೈ ಸಾಲದು ಎಂಬ ನೆಪ ಹೇಳಿ ಅಪ್ಪ ಅತ್ತೆಯನ್ನು ಗುಂಡ್ಲುಪೇಟೆಯ ಮಗಳ ಮನೆಗೆ ಬಸ್ಸು ಹತ್ತಿಸಿದ. ನನಗೆ ಫೋನ್ ಮಾಡಿ, “ಮದ್ದು ಶುರು ಮಾಡ್ಬುಟ್ಟೆ ಕಣಮ್ಮಿ” ಅಂದ. ನಕ್ಕುಬಿಟ್ಟೆ.

ಒಂದೇ ಮೈಕ್ರೋ ಆರ್‌ಎನ್‌ಎ ಎಷ್ಟೋ ಅಪ್ಪಣೆಗಳ ಬಾಯಿ ಕಟ್ಟಿರುತ್ತದೆ. ಅದನ್ನು ಸುಮ್ಮನಾಗಿಸಿದರೆ ಮತ್ತೇನೇನು ಬಿಚ್ಚಿಕೊಳ್ಳುತ್ತದೋ ಎನ್ನುವುದೇ ಆ ಮದ್ದಿನ ದೊಡ್ಡ ಭಯ. ಇದನ್ನು ಹೇಳುವಷ್ಟರಲ್ಲಿ ಅಪ್ಪ ಅವತ್ತು ಎದ್ದು ಹೋಗಿದ್ದ.

ಮುಂದಿನ ಸಲ ಊರಿಗೆ ಹೋದರೆ ಬೀದಿಬಾಗಿಲೇ ಇಲ್ಲ. ಆ ಜಾಗದಲ್ಲಿ ಇಟ್ಟಿಗೆ ಗೋಡೆ, ಸಿಮೆಂಟು ಇನ್ನೂ ಹಸಿ. ಹುಣಸೆಮರ ಅಂಗಳಕ್ಕೆ ಅಡ್ಡ ಬಿದ್ದಿತ್ತು. ನಾಯಿಯ ಸುಳಿವಿಲ್ಲ. ಇದೇನು ಅವತಾರ ಎಂದು ಆಳನ್ನು ಕೇಳಿದೆ.

“ಏನ್ಮಾಡಾನವ್ವಾ? ಅರಟೆಗೆ ಬರೋರ್ ಕಾಟ, ಬಾಗ್ಲಿಗೆ ಇಟ್ಗೆ ಕಟ್ಟು ಅಂದ್ರು, ಕಟ್ದೆ. ತರಗು ಬೀಳ್ತದೆ, ಮರ ಕಡಿ ಅಂದ್ರು, ಕಡ್ದೆ. ನಾಯಿನ ಪುಣಜನೂರ್ ಕಾಡ್ಗೆ ಬುಡು ಅಂದ್ರು, ಬುಟ್ಬಂದೆ. ಅಡ್ಡ ಬರೋರು ಯಾರೂ ಇಲ್ವಲ್ಲ.”

ಎಲ್ಲ ಅಪ್ಪ ವರ್ಷಗಳಿಂದ ಹೇಳುತ್ತಿದ್ದ ಮಾತುಗಳೇ. ಕೊಟ್ಟಿಗೆ ಮೂಲಕ ಒಳಗೆ ನುಗ್ಗಿದೆ. ಅಪ್ಪ ಮಂಚದ ಮೇಲೆ ಬಗ್ಗಿ ಕೂತಿದ್ದ. ಕಾಲು ಬಾತುಕೊಂಡಿದ್ದವು, ಮಲಗಿದರೆ ಉಸಿರು ಕಟ್ಟುತ್ತಿತ್ತು. ಪಕ್ಕದಲ್ಲಿ ಉಪ್ಪಿನಕಾಯಿ ಜಾಡಿ. ಸಾರಿಗೆ ಉಪ್ಪು ಬಿಗಿಯಾಗಿ ಹಾಕು ಎಂಬ ದಿನದ ಅಪ್ಪಣೆಯನ್ನೂ ಇಷ್ಟು ಕಾಲ ಅತ್ತೆಯೇ ತಡೆದಿದ್ದಳು. ಈಗ ಅಡುಗೆ ಮಾಡುತ್ತಿದ್ದ ಆಳಿನ ಹೆಂಡತಿ ತಪ್ಪದೆ ಪಾಲಿಸಿದ್ದಳು.

ಬಾಗಿಲಿಲ್ಲದ ಮನೆಯಿಂದ ಅಪ್ಪನನ್ನು ಕೊಟ್ಟಿಗೆಯ ಎಮ್ಮೆಗಳ ನಡುವೆ ಹೊತ್ತು ಹೊರಗೆ ತಂದೆವು. “ಅಕ್ಕನ್ನ ಕರೀಬ್ಯಾಡ ಕಣ್ಲಾ” ಎಂದು ಏದುಸಿರಲ್ಲೂ ಆಳಿಗೆ ಅಪ್ಪಣೆ ಕೊಟ್ಟ. ಆಳು ನನ್ನ ಮುಖ ನೋಡಿದ.

“ಅದೆಲ್ಲ ಬುಡು,” ಅಂದೆ. “ಓಗಿ ಗುಂಡ್ಲುಪೇಟೆ ಬಸ್ ಹತ್ತು.”

ಅತ್ತೆ ಬಂದಳು. ಆಸ್ಪತ್ರೆಯಲ್ಲಿ ಅಪ್ಪನ ಮೈಯಲ್ಲಿ ತುಂಬಿದ್ದ ನೀರು ಇಳಿಯುವವರೆಗೂ ಪಕ್ಕದಲ್ಲೇ ಕೂತಳು, ಒಂದು ಮಾತು ಬಯ್ಯಲಿಲ್ಲ. ನಾಯಿ ಅಷ್ಟರಲ್ಲಿ ತಾನೇ ನಡೆದು ವಾಪಸ್ಸಾಗಿತ್ತು.

ಮನೆಗೆ ಮರಳಿದ ದಿನ ಅಪ್ಪ ಮಂಚದ ಮೇಲೆ ಕೂತವನೇ ಆಳಿನ ಹೆಂಡತಿಯನ್ನು ಕರೆದ. “ಸಾರಿಗೆ ಉಪ್ಪು ಬಿಗಿಯಾಗಿ ಆಕಮ್ಮಿ.”

ಅವಳು ಹೂಂ ಎಂದು ಒಳಗೆ ಹೋದಳು. ಅಪ್ಪ ಒರಗಲಿಲ್ಲ. ಕತ್ತು ಚಾಚಿ ಅಡುಗೆಮನೆ ಬಾಗಿಲನ್ನೇ ನೋಡುತ್ತಿದ್ದ. ಹಣೆಯಲ್ಲಿ ಬೆವರಿತ್ತು.

ಒಳಗಿಂದ ಅತ್ತೆಯ ದನಿ ಕೇಳಿತು. “ಅದೆಲ್ಲ ಬುಡಮ್ಮಿ.”

ಆಮೇಲೆ ಅಪ್ಪ ದಿಂಬಿಗೆ ಒರಗಿ ಕಣ್ಣು ಮುಚ್ಚಿದ.