ನೌಪಾಡಾದವರೆಗಿನ ಗಾಡಿ

ಸೀಟಿನ ಒಂದು ಪಟ್ಟಿ ಸಡಿಲವಿದ್ದರೆ ಇಡೀ ವಿಮಾನ ನಿಲ್ಲಿಸಬಲ್ಲ ನಾನು, ಕೆಲಸಕ್ಕೆ ಸೇರಲು ಹೊರಟ ಮೊದಲ ಬೆಳಿಗ್ಗೆ ಮುಂಬೈಯ ಡೊಂಬಿವಲಿ ಲೋಕಲ್ ರೈಲಿನ ಬಾಗಿಲಲ್ಲಿ ಒಂದು ಕಾಲು ಒಳಗೆ, ಇನ್ನೊಂದು ಗಾಳಿಯಲ್ಲಿ ಇಟ್ಟುಕೊಂಡು, ಯಾರದೋ ಬ್ಯಾಗಿನ ಪಟ್ಟಿ ಹಿಡಿದು ನೇತಾಡುತ್ತಿದ್ದೆ. ಬ್ಯಾಗಿನ ಯಜಮಾನ ಹಿಂದೆ ತಿರುಗಿ ನೋಡದೆಯೇ, "ಪಕಡ್, ಮಗರ್ ಖೀಂಚ್ ಮತ್" ಎಂದ. ಹಿಡಿದುಕೋ, ಎಳೆಯಬೇಡ. ಸುರಕ್ಷತೆಯ ಬಗ್ಗೆ ಇಲ್ಲಿ ಸಿಕ್ಕ ಮೊದಲ ತರಬೇತಿ ಅದು.

ಊರಿನಲ್ಲಿ ನನ್ನ ಕೆಲಸ ಏನೆಂದು ಯಾರಿಗೂ ಸರಿಯಾಗಿ ತಿಳಿದಿಲ್ಲ. ಅಮ್ಮ "ವಿಮಾನ ಚೆಕ್ ಮಾಡುವುದು" ಎನ್ನುತ್ತಾಳೆ, ಬಸ್ಸಿನಲ್ಲಿ ಟಿಕೇಟು ಚೆಕ್ ಮಾಡುವವನ ಹಾಗೆ. ತೀರಾ ದೂರವೇನಿಲ್ಲ. ವಿಮಾನ ಕಂಪನಿಗಳು ನಿಯಮದಂತೆ ನಡೆಯುತ್ತವೆಯೇ ಎಂದು ನೋಡುವ ಸರಕಾರಿ ಇನ್ಸ್‌ಪೆಕ್ಟರ್ ನಾನು. ಹೇಳದೆ ಕೇಳದೆ ವಿಮಾನ ಹತ್ತುತ್ತೇನೆ, ಗಗನಸಖಿಯರ ಎದುರು ಕುಳಿತು ಅವರು ಏನು ಮಾಡುತ್ತಾರೆ ನೋಡುತ್ತೇನೆ, ಬರೆಯುತ್ತೇನೆ. ಕುತ್ತಿಗೆಗೆ ಐಡಿ ಕಾರ್ಡು ನೇತುಹಾಕಿಕೊಂಡು ನಡೆಯುವಾಗ ನಾನು ಹೊಸ ಗಂಟೆ ಕಟ್ಟಿಸಿಕೊಂಡ ಕರುವಿನ ಹಾಗೆ ಕಾಣುತ್ತೇನಂತೆ. ಹೀಗೆಂದವಳು ದೀಕ್ಷಾ.

ದೀಕ್ಷಾ ಜಯಣ್ಣನ ಮಗಳು. ಜಯಣ್ಣ ನಮ್ಮ ಕುಂದಾಪುರದ ಕಡೆಯವರೇ. ಡೊಂಬಿವಲಿಯ ಎಂಐಡಿಸಿ ಫ್ಯಾಕ್ಟರಿಗಳ ಬದಿಯಲ್ಲಿ ಸಣ್ಣ ಹೋಟೆಲು ಇಟ್ಟಿದ್ದಾರೆ. ಬ್ಯಾಚಲರನಿಗೆ ಯಾವ ಹೌಸಿಂಗ್ ಸೊಸೈಟಿಯೂ ಮನೆ ಕೊಡದಿದ್ದಾಗ, "ನಮ್ಮ ಹುಡುಗ, ಸರಕಾರಿ ವಿಮಾನದವ" ಎಂದು ಹೇಳಿ ರೂಮು ಕೊಡಿಸಿದ್ದು ಅವರೇ. ಅಂದಿನಿಂದ ಬಿಲ್ಡಿಂಗಿನವರು ನನ್ನನ್ನು ಪೈಲಟ್ ಎಂದುಕೊಂಡು ಕಡಿಮೆ ದರದ ಟಿಕೇಟು ಕೇಳುತ್ತಾರೆ. ಊರಿನಲ್ಲಿ ಗಾಳಿ ಬೀಸಿದರೆ ಮಳೆಯೋ ಬಿಸಿಲೋ ಎಂದು ಹೇಳುತ್ತಿದ್ದೆವು. ಇಲ್ಲಿ ಗಾಳಿಗೂ ಶಿಫ್ಟ್ ಇದೆ. ಮೂಗಿಗೆ ಬಡಿದ ವಾಸನೆಯ ಮೇಲೆ ಯಾವ ಫ್ಯಾಕ್ಟರಿ ಶುರುವಾಯಿತೆಂದು ಜಯಣ್ಣ ಹೇಳುತ್ತಾರೆ.

ಸಂಜೆ ಅವರ ಹೋಟೆಲೇ ನನ್ನ ರಂಗಸ್ಥಳವಾಗಿತ್ತು. ವಿಮಾನದ ಘೋಷಣೆಯನ್ನು ಜಯಣ್ಣನ ದನಿಯಲ್ಲಿ ಹೇಳುತ್ತಿದ್ದೆ: "ಎಲ್ರೂ ಬೆಲ್ಟು ಕಟ್ಟಿ ಕೂತ್ಕೊಳ್ಳಿ ಮಾರಾಯ್ರೆ, ಬಿಸಿ ಸಾಂಬಾರ್ ಬರ್ತಾ ಉಂಟು." ನಮ್ಮ ಮೇಲಧಿಕಾರಿ ಧಾರವಾಡದ ಕುಲಕರ್ಣಿ ಸಾಹೇಬರು ಕುರ್ಚಿಯಿಂದ ಏಳುವ ಪರಿಯನ್ನೂ ಮಾಡಿ ತೋರಿಸುತ್ತಿದ್ದೆ. ಎಲ್ಲರಿಗಿಂತ ಜೋರಾಗಿ ನಗುತ್ತಿದ್ದವಳು ದೀಕ್ಷಾ. ಅವಳಿಗೆ ಕನ್ನಡ ಪೂರಾ ಅರ್ಥವಾಗುತ್ತದೆ, ಉತ್ತರ ಮಾತ್ರ ಹಿಂದಿಯಲ್ಲಿ. ಲೋಕಲ್ಲಿನಲ್ಲಿ ಸೀಟು ಬೇಕಿದ್ದರೆ ಮೊದಲು ಹಿಂದಕ್ಕೆ ಕಲ್ಯಾಣ್ ಸ್ಟೇಷನ್ನಿಗೆ ಹೋಗಿ, ಖಾಲಿ ಗಾಡಿಯಲ್ಲಿ ಕುಳಿತು ಮುಂದಕ್ಕೆ ಬರಬೇಕೆಂದು ಕಲಿಸಿದವಳೂ ಅವಳೇ. ಇದಕ್ಕೆ 'ಡೌನ್ ಮಾಡಿ ಬರುವುದು' ಎನ್ನುತ್ತಾರೆ. ಮುಂದೆ ಹೋಗಲು ಹಿಂದೆ ಹೋಗಬೇಕಾದ ಊರು ಇದು ಎಂದು ನಾನು ತಮಾಷೆ ಮಾಡಿದ್ದೆ.

ದೀಕ್ಷಾ ಗಗನಸಖಿ, ಇನ್ನೂ ಪ್ರೊಬೇಷನ್ನಿನಲ್ಲಿದ್ದಳು. ಅವಳ ಕಂಪನಿ ನವಿ ಮುಂಬೈಯ ಹೊಸ ವಿಮಾನ ನಿಲ್ದಾಣದಿಂದ ಹಾರುತ್ತದೆ. ಸಿಬ್ಬಂದಿಯನ್ನು ಕರೆತರುವ ಕಂಪನಿಯ ಗಾಡಿ ಥಾಣೆ ನಗರದ ನೌಪಾಡಾದವರೆಗೆ ಮಾತ್ರ ಬರುತ್ತದೆ. ಡೊಂಬಿವಲಿಯಿಂದ ನಿಲ್ದಾಣ ಒಂದು ದಿಕ್ಕಿಗೆ, ಗಾಡಿ ಇನ್ನೊಂದು ದಿಕ್ಕಿಗೆ. ಅವಳು ಕತ್ತಲಲ್ಲೇ ಎದ್ದು, ಮೇಕಪ್ ಮಾಡಿಕೊಂಡು, ಲೋಕಲ್ಲಿನಲ್ಲಿ ನಿಂತು ಥಾಣೆಗೆ ಹೋಗಿ, ಗಾಡಿ ಹಿಡಿದು, ಕಳಂಬೋಲಿಯ ಕಬ್ಬಿಣದ ಲಾರಿಗಳ ನಡುವೆ ಸಿಕ್ಕಿಕೊಂಡು ಡ್ಯೂಟಿಗೆ ಮುಟ್ಟಬೇಕು. ಈ ಹೊತ್ತೆಲ್ಲ ಡ್ಯೂಟಿಯಲ್ಲ, ಕಾಗದದಲ್ಲಿ ಅವಳ ವಿಶ್ರಾಂತಿ. ದಣಿವಾಗಿದೆ ಎಂದು ಬರೆದುಕೊಡಲು ನಿಯಮವಿದೆ, ಬರೆದುಕೊಡು ಎಂದೆ. "ಬರೆದುಕೊಟ್ಟವಳಿಗೆ ಮುಂದಿನ ತಿಂಗಳು ಎಂಥ ಡ್ಯೂಟಿ ಹಾಕ್ತಾರೆ ಗೊತ್ತಾ, ಇನ್ಸ್‌ಪೆಕ್ಟರ್ ಸಾಹೇಬ್?" ಎಂದು ಹಿಂದಿಯಲ್ಲಿ ನಕ್ಕಳು.

ಅವಳ ಕಂಪನಿಯ ತಪಾಸಣೆಗೆ ನನ್ನ ಹೆಸರು ಬಂದಾಗ, ಅಲ್ಲಿ ನನಗೆ ಪರಿಚಯದವರಿದ್ದಾರೆ, ಬೇರೆ ಯಾರನ್ನಾದರೂ ಕಳಿಸಿ ಎಂದು ಕುಲಕರ್ಣಿ ಸಾಹೇಬರಿಗೆ ಹೇಳಿದೆ. ಅವರು ಕನ್ನಡಕದ ಮೇಲಿಂದ ನೋಡಿ, "ನಿಮ್ಮ ಉಡುಪಿ ಕಡೀ ಮಂದಿ ಇಲ್ಲದ ವಿಮಾನ ಯಾವುದೈತಿ ಹೇಳು ತಮ್ಮಾ, ಅದಕ್ಕ ಕಳಸ್ತೀನಿ" ಎಂದರು.

ಹತ್ತಿದ ವಿಮಾನದಲ್ಲೇ ದೀಕ್ಷಾ ಇದ್ದಳು. ಇಳಿಯುವಾಗ ಬಾಗಿಲ ಪಕ್ಕದ ಮಡಚುವ ಸೀಟಿನಲ್ಲಿ, ನನ್ನ ಎದುರಿಗೇ ಕುಳಿತಳು. ಆ ಕೆಲವು ನಿಮಿಷ ಗಗನಸಖಿಯರು ಮನಸ್ಸಿನಲ್ಲೇ ಪಾಠ ಒಪ್ಪಿಸಿಕೊಳ್ಳಬೇಕು: ಬೆಂಕಿ ಬಿದ್ದರೆ ಯಾವ ಬಾಗಿಲು, ಏನೆಂದು ಕೂಗಬೇಕು. ಅವಳ ತಲೆ ಎದೆಗೆ ಬಿತ್ತು. ಚಕ್ರ ನೆಲಕ್ಕೆ ಬಡಿದರೂ ಏಳಲಿಲ್ಲ. ನಾನು ಕೆಮ್ಮಿದೆ. ವಿಮಾನ ನಿಂತು ಜನ ಎದ್ದ ಸದ್ದಿಗೆ ಬೆಚ್ಚಿಬಿದ್ದು ನೇರ ಬಾಗಿಲಿನ ಹಿಡಿಗೆ ಕೈಹಾಕಿದಳು. ಬಾಗಿಲು ತೆರೆಯುವ ಮೊದಲು, ತುರ್ತಿನಲ್ಲಿ ತಾನೇ ಉಬ್ಬಿ ಹೊರಬೀಳುವ ಜಾರುಪಟ್ಟಿಯನ್ನು ಬಂದ್ ಮಾಡಬೇಕು. ಅದನ್ನು ಮಾಡಿರಲಿಲ್ಲ. ಹೊರಗೆ ಮೆಟ್ಟಿಲು ತಂದ ಕೆಲಸದವರು ನಿಂತಿದ್ದರು. ಜೊತೆಯವಳು ಅವಳ ಮಣಿಕಟ್ಟು ಹಿಡಿಯದಿದ್ದರೆ ಜಾರುಪಟ್ಟಿ ಅವರ ಮುಖಕ್ಕೇ ಅಪ್ಪಳಿಸುತ್ತಿತ್ತು.

ದೀಕ್ಷಾ ನನ್ನನ್ನು ಏನೂ ಕೇಳಲಿಲ್ಲ. ಕೇಳಿದ್ದು ಜಯಣ್ಣ. ಹೋಟೆಲಿನ ಒಳಕೋಣೆಗೆ ಕರೆದು ತಾವೇ ಚಾ ತಂದಿಟ್ಟರು. ಕಂಪನಿಯಲ್ಲಿ ಆಗಲೇ ಸುದ್ದಿಯಾಗಿದೆ, ಎಲ್ಲ ನಿನ್ನ ರಿಪೋರ್ಟಿನ ಮೇಲೆ ನಿಂತಿದೆ ಎಂದರು. ಆಮೇಲೆ ಬಹಳ ಮೆತ್ತಗೆ, "ಅವಳು ಕಣ್ಣು ಮುಚ್ಚಿದ್ಳು, ಹೌದು. ನೀನೂ ಒಂದ್ಸಲ ಮುಚ್ಚು ಮಾರಾಯ."

ಹೊರಗೆ ನಿಂತವರ ಮುಖ ಕಣ್ಣ ಮುಂದೆ ಇತ್ತು. ಮುಚ್ಚಲಾಗಲಿಲ್ಲ. ಆದರೆ ನಾನು ಭಾರಿ ಜಾಣ. ಬಾಗಿಲಿನ ತಪ್ಪನ್ನು ಹುಡುಗಿಯ ಮೇಲೆ ಹಾಕದೆ ಕಂಪನಿಯ ಮೇಲೆ ಹಾಕಿ ಬರೆದೆ. ನೌಪಾಡಾದ ಗಾಡಿ, ನಿದ್ದೆಗೆಟ್ಟ ಬೆಳಗು, ಕಾಗದದ ವಿಶ್ರಾಂತಿ, ಎಲ್ಲ ವಿವರವಾಗಿ. ನಮ್ಮಲ್ಲಿ ತಪ್ಪು ತೋರಿಸಿದ ಮೇಲೆ ಕಂಪನಿ ಏನು ಸರಿಪಡಿಸಿತೆಂದು ಉತ್ತರಿಸಬೇಕು. ಉತ್ತರ ಒಪ್ಪಿಗೆಯಾದರೆ ವಿಷಯ ಮುಗಿಯಿತು. ಉತ್ತರ ಚುಟುಕಾಗಿ ಬಂತು: ಸಂಬಂಧಪಟ್ಟ ಸಿಬ್ಬಂದಿಯನ್ನು ಕೆಲಸದಿಂದ ತೆಗೆಯಲಾಗಿದೆ.

ಗಾಡಿಯ ಮಾತು ಎಲ್ಲಿ ಹೋಯಿತು ಎಂದು ಸಾಹೇಬರಲ್ಲಿ ಜಗಳಕ್ಕೇ ನಿಂತೆ. ಅವರೂ ಒಮ್ಮೆ ಮೇಲೆ ಬರೆದು ನೋಡಿದರು. ಫೈಲು ತಿರುಗಿ ಬಂದಾಗ ಅದನ್ನು ನನ್ನತ್ತ ತಳ್ಳಿ, "ರೈಲಿನಾಗ ನಿಂತ ತಾಸು ಡ್ಯೂಟಿ ಲೆಕ್ಕಕ್ಕ ಬರೂದಿಲ್ಲಪಾ. ನಂದೂ ಬಂದಿಲ್ಲ, ನಿಂದೂ ಬರೂದಿಲ್ಲ" ಎಂದರು. ಮುಗಿಯಿತೆಂದು ಸಹಿ ಹಾಕಬೇಕಾದವನು ನಾನೇ. ಹಾಕಿದೆ.

ದೀಕ್ಷಾ ಈಗ ಹೋಟೆಲಿನ ಗಲ್ಲಾಪೆಟ್ಟಿಗೆಯ ಮುಂದೆ ಕೂರುತ್ತಾಳೆ. ಒಮ್ಮೆ ಡೊಂಬಿವಲಿ ಸ್ಟೇಷನ್ನಿನ ಸೇತುವೆಯ ಮೇಲೆ ಎದುರಾದಳು. ಬೈದಿದ್ದರೆ ಚೆನ್ನಾಗಿತ್ತು. ನೀನು ಬರೆದದ್ದು ಸರಿಯಾಗಿಯೇ ಇತ್ತು, ಓದಿದವರು ಕಂಪನಿಯವರಲ್ಲವೇ ಎಂದಳು. ಅವಳ ಆ ದನಿಯನ್ನು ಇಂದಿಗೂ ನನಗೆ ಅನುಕರಿಸಲಾಗುವುದಿಲ್ಲ.

ಹೋದ ವಾರ ಅದೇ ಕಂಪನಿಯ ವಿಮಾನ ಹತ್ತಿದೆ. ಎದುರಿನ ಸೀಟಿನಲ್ಲಿ ಹೊಸ ಹುಡುಗಿ, ಕಣ್ಣು ಕೆಂಪು. ಇಳಿದ ಮೇಲೆ ಎಲ್ಲಿಯವಳೆಂದು ಕೇಳಿದೆ. ಕಲ್ಯಾಣ್ ಎಂದಳು, ದೀಕ್ಷಾಳ ಡೊಂಬಿವಲಿಗಿಂತಲೂ ಆಚೆ. "ಸರ್, ನನ್ನಿಂದ ಏನಾದರೂ ತಪ್ಪಾಯಿತೇ?" ಎಂದು ಮರಾಠಿಯಲ್ಲಿ ಕೇಳಿದಳು. ಇಲ್ಲ ಎಂದೆ. ಏನೂ ಬರೆಯಲಿಲ್ಲ.

ರಜೆ ಹಾಕಿ ಊರಿಗೆ ಬಾ ಎನ್ನುತ್ತಾಳೆ ಅಮ್ಮ. ಜಯಣ್ಣನ ಅಕ್ಕನ ಮನೆ ನಮ್ಮ ಮನೆಗೆ ಎದುರು. ಆ ಅಕ್ಕ ಅಮ್ಮನೊಡನೆ ಮಾತು ಬಿಟ್ಟಿದ್ದಾರೆ. ಇಲ್ಲಿ ಸ್ಟೇಷನ್ನಿಗೆ ಹೋಗುವ ದಾರಿಯಲ್ಲೇ ಜಯಣ್ಣನ ಹೋಟೆಲು. ಊರಿಗೆ ಹೋದರೂ, ಇಲ್ಲೇ ಇದ್ದರೂ, ನಾನೀಗ ಅವರ ಕಣ್ಣು ತಪ್ಪಿಸಿ ರಸ್ತೆಯ ಆಚೆ ಬದಿಯಲ್ಲಿ ನಡೆಯುವವನು.