ಹೆಂಗಸರ ಕೋಣೆಗೆ ದಾರಿ

ಮೊನ್ನೆ ಪೇಟೆಗೆ ಹೋದಾಗ ಬಣ್ಣದ ವಾಸನೆ ಮೂಗಿಗೆ ಬಡಿಯಿತು. ವಾಚನಾಲಯದ ಜಗಲಿಯ ಮೇಲೆ ಬಣ್ಣದವನೊಬ್ಬ ಹಳೆಯ ಹಲಗೆಯೊಂದನ್ನು ಗೋಡೆಗೆ ಒರಗಿಸಿಕೊಂಡು, ಅದರ ಮೇಲಿದ್ದ ಕೈಯ ಚಿತ್ರಕ್ಕೆ ಹೊಸದಾಗಿ ಕಪ್ಪು ಬಳಿಯುತ್ತಿದ್ದ. ತೋರುಬೆರಳು ಚಾಚಿದ ಗಂಡಸಿನ ಕೈ, ಮಣಿಕಟ್ಟಿನವರೆಗೆ ಕೋಟಿನ ತೋಳು. ಕೆಳಗೆ ‘ಸ್ತ್ರೀಯರ ವಾಚನ ಕೊಠಡಿಗೆ ದಾರಿ’. ಅದನ್ನು ನೋಡುತ್ತ ಅಲ್ಲೇ ನಿಂತೆ. ಪಕ್ಕದ ಮನೆಯ ಅಕ್ಕ ನೆನಪಾದಳು...

ನಾನು ಭೇರ್ಯದಿಂದ ಹುಣಸೂರಿಗೆ ಸೊಸೆಯಾಗಿ ಬಂದಾಗ ಮಹಾರಾಜರ ಕಾಲ. ಅಕ್ಕ ಬೆಟ್ಟದಪುರದಲ್ಲಿ ಗಂಡನನ್ನು ಕಳೆದುಕೊಂಡು ನಮ್ಮ ಪಕ್ಕದಲ್ಲಿದ್ದ ತನ್ನ ಅಣ್ಣನ ಮನೆ ಸೇರಿದ್ದಳು. ಅಣ್ಣ ಹೊಗೆಸೊಪ್ಪಿನ ವ್ಯಾಪಾರಿ. ಅಡಿಗೆ, ದನ, ಸೊಪ್ಪು ಕಟ್ಟುವುದು ಎಲ್ಲ ಇವಳ ತಲೆಗೆ. ಅದರ ಮೇಲೆ ಅನ್ನ ಹಾಕಿದ ಹಂಗು ಬೇರೆ. ಲೋಯರ್ ಸೆಕೆಂಡರಿ ಪರೀಕ್ಷೆ ಪಾಸು ಮಾಡಿದರೆ ಹೆಣ್ಣುಮಕ್ಕಳ ಶಾಲೆಯಲ್ಲಿ ಕೆಲಸ ಕೊಡಿಸುವುದಾಗಿ ಅಲ್ಲಿನ ಮೇಡಂ ಮಾತು ಕೊಟ್ಟಿದ್ದರು. ಬೇಕಾದ ಪುಸ್ತಕಗಳು ಇದ್ದದ್ದು ವಾಚನಾಲಯದಲ್ಲಿ. ಹೆಂಗಸರಿಗೆ ಪುಸ್ತಕ ಬೇಕಾದರೆ ಮನೆಯ ಗಂಡಸರು ತಂದುಕೊಡುವುದು ಆಗಿನ ಪದ್ಧತಿ. ಅಣ್ಣ ತರಲಿಲ್ಲ. ನನ್ನ ಯಜಮಾನರನ್ನು ಕೇಳಿದರೆ, “ಅವರ್ ಮನೆ ಉಸಾಬರಿ ನಮಗ್ಯಾಕೆ, ಸುಮ್ಕಿರು” ಎಂದರು.

ಅಷ್ಟರಲ್ಲಿ ಮೈಸೂರಿನಿಂದ ದೊಡ್ಡ ಅಧಿಕಾರಿ ಬರುತ್ತಾರೆಂದು ವಾಚನಾಲಯಕ್ಕೆ ಸುಣ್ಣ ಹೊಡೆದರು. ವಾಚನಾಲಯದ ಅಧ್ಯಕ್ಷರಿಗೆ ಬೋರ್ಡಿನ ಹುಚ್ಚು ಹಿಡಿಯಿತು. ‘ಪತ್ರಿಕೆಗಳು ಇಲ್ಲಿ’, ‘ಪುಸ್ತಕಗಳು ಎಡಕ್ಕೆ’, ‘ಪಾದರಕ್ಷೆ ಹೊರಗೆ’... ಜಗಲಿಯ ಕಂಬಕ್ಕೆ ಈ ಕೈ. ಅಧಿಕಾರಿ ಅದನ್ನು ನಿಂತು ಓದಿ, ಮೆಚ್ಚಿ, ಹಾರ ಹಾಕಿಸಿಕೊಂಡು ಹೋದರಂತೆ. ಬೆರಳು ತೋರಿಸಿದ ಕಡೆ ಮಾತ್ರ ಹೋಗಿ ನೋಡಲಿಲ್ಲ.

ಸುದ್ದಿ ಕೇಳಿ ಅಕ್ಕ ಹಿತ್ತಲ ಬೇಲಿಗೆ ಓಡಿಬಂದಳು. “ನಮಗೂ ಒಂದ್ ಕ್ವಾಣೆ ಮಾಡವ್ರಂತೆ ಕಣಮ್ಮಿ. ನೀನೂ ಬಾ, ಒಬ್ಳೇ ಓಗಕ್ಕೆ ಒಂಥರಾ ಆಯ್ತದೆ.” ಸಂತೆಯ ನೆಪ ಹೇಳಿ ಇಬ್ಬರೂ ಹೋದೆವು. ಕೈ ತೋರಿಸಿದಂತೆ ಪಕ್ಕದ ಓಣಿ ಹಿಡಿದು, ಬಾವಿ ಬಳಸಿ ನಡೆದರೆ ಒಂದು ಬಾಗಿಲು, ಅದಕ್ಕೊಂದು ಬೀಗ. ಜವಾನ ಬಂದು, “ಬೀಗದ ಕೈ ಅಧ್ಯಕ್ಷರ ತಾವದೆ ಕಣ್ರವ್ವ, ಮುಂದಿನ್ ವಾರ ಬನ್ನಿ” ಎಂದ.

ಮುಂದಿನ ವಾರವೂ ಅದೇ ಮಾತು, ಅದರ ಮುಂದಿನ ವಾರವೂ ಅದೇ. ನನಗೆ ರೇಗುತ್ತಿತ್ತು. ಅಕ್ಕನಿಗೆ ಮಾತ್ರ ಆ ಬೋರ್ಡಿನ ಮೇಲೆ ಎಲ್ಲಿಲ್ಲದ ನಂಬಿಕೆ. “ಬರ್ದವ್ರೆ ಅಂದ್ಮೇಕೆ ತೆಗೀಲೇಬೇಕಲ್ಲಮ್ಮಿ” ಎನ್ನುತ್ತಿದ್ದಳು. ಮೆಟ್ಟಿಲ ಮೇಲೆ ಕುಳಿತು, ಸೊಪ್ಪಿನ ಕರೆ ಹಿಡಿದ ಉಗುರು ಕಚ್ಚುತ್ತ ಕಾಯುತ್ತಿದ್ದಳು. ಪರೀಕ್ಷೆ ಹತ್ತಿರ ಬರುತ್ತಿತ್ತು...

ಕೊನೆಗೊಂದು ದಿನ ಓಣಿಯಿಂದ ಹಿಂದಿರುಗಿದವಳೇ ಮುಂಬಾಗಿಲಿನಿಂದ ಒಳಗೆ ನಡೆದುಬಿಟ್ಟಳು. ಪತ್ರಿಕೆ ಓದುತ್ತಿದ್ದ ಗಂಡಸರೆಲ್ಲ ತಲೆಯೆತ್ತಿದರು. ಅಧ್ಯಕ್ಷರೂ ಅಲ್ಲೇ ಇದ್ದರು.

“ಸ್ವಾಮಿ, ಆ ಕ್ವಾಣೆ ಬೀಗ ತೆಗ್ಸಿ. ನಾನು ಪರೀಕ್ಸೆಗೆ ಓದ್ಬೇಕು,” ಎಂದಳು. ದನಿ ಜಗಲಿಯಲ್ಲೇ ನಿಂತಿದ್ದ ನನಗೂ ಕೇಳುವಷ್ಟು ಜೋರಾಗಿತ್ತು. ಅಧ್ಯಕ್ಷರು ಅವಳ ಮುಖ ಕೂಡ ನೋಡಲಿಲ್ಲ. ಮೂಲೆಯ ಕಡೆ ತಿರುಗಿ, “ಏನ್ರೀ, ಇವ್ರು ನಿಮ್ ತಂಗಿ ಅಲ್ವಾ?” ಎಂದರು. ಅಲ್ಲಿ ಕುಳಿತಿದ್ದ ಅಣ್ಣ ಪತ್ರಿಕೆ ಮಡಿಸಿಟ್ಟು ಎದ್ದ.

ಅಂದಿನಿಂದ ಅಕ್ಕನನ್ನು ಹೊಸಿಲು ದಾಟಲು ಬಿಡಲಿಲ್ಲ. ಪರೀಕ್ಷೆ ಬಂತು, ಹೋಯಿತು. ಶಾಲೆಯ ಕೆಲಸ ಬೇರೆ ಯಾರಿಗೋ ಆಯಿತು. ಇನ್ನೂ ಕೆಲವು ವರ್ಷ ಅಣ್ಣನ ಸೊಪ್ಪು ಕಟ್ಟಿ, ಕೆಮ್ಮು ಹತ್ತಿ, ಹಾಸಿಗೆ ಹಿಡಿದು ಸತ್ತಳು. ತಿಥಿಯ ಊಟಕ್ಕೆ ಅಧ್ಯಕ್ಷರೂ ಬಂದಿದ್ದರು. ಪಾಯಸ ಚೆನ್ನಾಗಿದೆಯೆಂದು ಇನ್ನೊಮ್ಮೆ ಹಾಕಿಸಿಕೊಂಡರು. ಥೂ, ಅವರ ಬಾಳಿಗಿಷ್ಟು.

ಮೊನ್ನೆ ಆ ಬಣ್ಣದವನನ್ನು ಕೇಳಿದೆ, “ಆ ಕ್ವಾಣೆ ತೆಗ್ದವ್ರೇನಪ್ಪ?”

“ಸುಣ್ಣ ಒಡ್ಯಕ್ಕೆ ಅಂತ ಇವತ್ತು ತೆಗ್ದವ್ರೆ ಕಣಮ್ಮ. ಬೀಗ ತುಕ್ಕು ಇಡ್ದಿತ್ತು, ಒಡ್ದಾಕುದ್ರು.”

ಓಣಿ ಹಿಡಿದು ಹೋದೆ. ಅಕ್ಕ ಕೂರುತ್ತಿದ್ದ ಮೆಟ್ಟಿಲು ಹಾಗೇ ಇತ್ತು. ಒಳಗೆ ಒಂದು ಬೆಂಚಿಲ್ಲ, ಕಪಾಟಿಲ್ಲ, ಓದಲು ಬೆಳಕು ಬರುವಂಥ ಕಿಟಕಿಯೂ ಇಲ್ಲ. ಅಲ್ಲಿ ಯಾರೂ ಯಾವತ್ತೂ ಏನನ್ನೂ ಇಟ್ಟೇ ಇರಲಿಲ್ಲ. ಎದುರು ಗೋಡೆಯಲ್ಲಿ ಮಾತ್ರ ಒಂದು ಹಲಗೆ ತೂಗುತ್ತಿತ್ತು. ಬಿಸಿಲು ಕಾಣದ್ದರಿಂದ ಅಕ್ಷರಗಳು ಒಂದಿಷ್ಟೂ ಮಾಸಿರಲಿಲ್ಲ. ‘ಇಲ್ಲಿ ಮಾತನಾಡಬಾರದು.’

ಅದರ ಮುಂದೆ ನಿಂತು, “ಅಕ್ಕಾ” ಎಂದು ಗಟ್ಟಿಯಾಗಿ ಕೂಗಿದೆ.